ಗುಪ್ತಪದ ಹೇಳದೆ ಬಾಗಿಲು ತೆಗೆಯುವುದಿಲ್ಲ

ಇಡೀ ಊರಿನ ನೀರು ನನ್ನ ಕೈಯಲ್ಲಿದೆ. ಮನೆಯ ಸ್ವಿಚ್ಚುಗಳು ಮಾತ್ರ ನನ್ನ ಅತ್ತೆಯ ಕೈಯಲ್ಲಿವೆ.

ಬಡಾಯಿ ಕೊಚ್ಚುತ್ತಿದ್ದೇನೆ ಅಂದುಕೊಳ್ಳಬೇಡಿ. ನಾನು ನೀರು ಸರಬರಾಜು ಕಚೇರಿಯ ನಿಯಂತ್ರಣ ಕೊಠಡಿಯಲ್ಲಿ ಕೆಲಸ ಮಾಡುವವಳು. ಅಲ್ಲಿ ಗೋಡೆಯಗಲದ ಪರದೆ, ಅದರ ತುಂಬ ಕೆಂಪು ಹಸಿರು ದೀಪಗಳು. ನಾನೊಂದು ಗುಂಡಿ ಒತ್ತಿದರೆ ಅರ್ಧ ಊರು ಸ್ನಾನ ಮಾಡುತ್ತದೆ. ಇನ್ನೊಂದು ಒತ್ತಿದರೆ ಮೈಗೆ ಸೋಪು ಹಚ್ಚಿಕೊಂಡು ನಿಂತಲ್ಲೇ ನಿಲ್ಲುತ್ತದೆ. (ಒಂದೇ ಒಂದು ಸಲ ಹಾಗೆ ಒತ್ತಿದ್ದೆ. ಅದರ ವಿಚಾರಣೆ ಮುಗಿದಿದೆ, ನೀವು ಮತ್ತೆ ಶುರುಮಾಡಬೇಡಿ.) ಇಷ್ಟು ಅಧಿಕಾರವಿರುವ ಹೆಂಗಸು ಸಂಜೆ ಮನೆಗೆ ಬಂದು, ಫ್ಯಾನು ಹಾಕಿ, ಕುರ್ಚಿಗೆ ಬೆನ್ನು ಕೊಡುವಷ್ಟರಲ್ಲಿ ಫ್ಯಾನು ನಿಂತಿರುತ್ತದೆ. ಅತ್ತೆ ಆ ದಾರಿಯಾಗಿ ಹೋಗಿರುತ್ತಾರೆ.

ಉರಿಯುವ ದೀಪ, ತಿರುಗುವ ಫ್ಯಾನು, ಮಿಣುಕುವ ಡಬ್ಬಿ, ಯಾವುದನ್ನು ಕಂಡರೂ ಅವರ ಬಲಗೈ ತಾನಾಗಿ ಗೋಡೆಯ ಕಡೆ ಹೋಗುತ್ತದೆ. ನಾನು ಒಳಗಿರುವಾಗಲೇ ಬಚ್ಚಲುಮನೆಯ ದೀಪ ಆರಿಸಿದವರು ಅವರು. "ಅತ್ತೇ, ನಾನಿದ್ದೀನಿ!" ಎಂದು ಕತ್ತಲಲ್ಲಿ ಕೂಗಿದರೆ, "ಇದ್ದರೆ ಇರು, ಯಾರು ಬೇಡ ಅಂದ್ರು?" ಎಂದು ಅಡುಗೆಮನೆಯಿಂದ ಉತ್ತರ ಬಂದಿತ್ತು.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ನಮ್ಮ ಕಚೇರಿಯಲ್ಲಿ ರಕ್ಷಣಾ ವಿಭಾಗ ಎಂಬ ಹೊಸ ವಿಭಾಗ ತೆರೆಯುತ್ತಾರೆ, ಅದಕ್ಕೊಬ್ಬ ಮುಖ್ಯಸ್ಥರು ಬೇಕು ಎಂಬ ಸುದ್ದಿ ಬಂತು. ಬಾಗಿಲ ಮೇಲೆ ಹೆಸರು, ಒಳಗೆ ಬೇರೆ ಯಾರೂ ಆರಿಸಲಾಗದ ಸ್ವಂತ ಫ್ಯಾನು! ಆದರೆ ಒಂದು ಷರತ್ತು: ‘ಅತ್ಯಗತ್ಯ ಮೂಲಸೌಕರ್ಯ ಸಂರಕ್ಷಣೆ’ಯಲ್ಲಿ ಸ್ನಾತಕೋತ್ತರ ಪದವಿ ಆಗಿರಬೇಕು. ಹೆಸರು ಕೇಳಿ ಹೆದರಬೇಡಿ. ಕರೆಂಟು, ನೀರು, ಟೆಲಿಫೋನು, ಆಸ್ಪತ್ರೆ, ರೈಲು, ಇಂಥ ಯಾವುದು ನಿಂತರೆ ಊರಿಗೆ ಊರೇ ನಿಲ್ಲುತ್ತದೋ ಅದನ್ನು ಬೆಂಕಿಯಿಂದ, ನೆರೆಯಿಂದ, ಕಳ್ಳರಿಂದ, ಕಂಪ್ಯೂಟರಿಗೆ ಕನ್ನ ಹಾಕುವವರಿಂದ ಕಾಪಾಡುವುದು ಹೇಗೆ ಎಂಬ ವಿದ್ಯೆ. ಕೆಲಸ ಮಾಡುತ್ತಲೇ ಓದಬಹುದಾದ ಕೋರ್ಸು. ಸೇರಿಯೇಬಿಟ್ಟೆ.

ನಮ್ಮ ಯಜಮಾನರು (ಶಾಲೆಯಲ್ಲಿ ಗಣಿತದ ಮೇಷ್ಟ್ರು, ರಜೆಯಲ್ಲಿ ಸ್ಕ್ರೂಡ್ರೈವರು ಹಿಡಿದ ಅಪಾಯ) ಇಷ್ಟನ್ನೂ ತಾಳ್ಮೆಯಿಂದ ಕೇಳಿ, "ಅಂದ್ರೆ ವಾಚ್‌ಮನ್ ಕೆಲಸಕ್ಕೆ ಡಿಗ್ರಿ, ಅಷ್ಟೇ ತಾನೆ?" ಎಂದರು.

"ಬೀಗ ಹಾಕೋದು ಕಲಿಯೋಕೆ ಎರಡು ವರ್ಷ ಓದ್ಬೇಕಾ?" ಎಂದು ಅತ್ತೆ ಕೇಳಿದರು.

ಅಜ್ಞಾನಿಗಳ ಜೊತೆ ವಾದ ಮಾಡಬಾರದು ಎಂದು ಸುಮ್ಮನಾದೆ. ಆಮೇಲೆ ಅರ್ಧ ಗಂಟೆ ವಾದ ಮಾಡಿದೆ.

ಎರಡು ವರ್ಷ ಓದಿದ್ದೇ ಓದಿದ್ದು. ಅಡುಗೆ ಒಲೆಯ ಮೇಲೆ, ಪುಸ್ತಕ ಕೈಯಲ್ಲಿ. ಸಾರಾಂಶ ಇಷ್ಟೇ: ಎಂಥ ವ್ಯವಸ್ಥೆಯಲ್ಲೂ ಯಂತ್ರ ಗಟ್ಟಿ, ಗೋಡೆ ಗಟ್ಟಿ, ಟೊಳ್ಳಾಗಿರುವುದು ಮನುಷ್ಯ. ಸಿಹಿ ಮಾತಾಡಿ ಯಾರೋ ಬಂದರೆ ಬಾಗಿಲು ತೆಗೆದುಬಿಡುತ್ತಾನೆ. ಆದ್ದರಿಂದ ನನ್ನ ಪ್ರಬಂಧದ ಹೆಸರು ‘ಅತ್ಯಗತ್ಯ ಮೂಲಸೌಕರ್ಯ ಸಂರಕ್ಷಣೆಯಲ್ಲಿ ಮಾನವ ದೌರ್ಬಲ್ಯ’. ಅದರ ಎರಡನೇ ಅಧ್ಯಾಯಕ್ಕೆ ಮಾದರಿಯಾಗಿ ನಮ್ಮ ಮನೆಯನ್ನೇ ತೆಗೆದುಕೊಂಡೆ. ಹೆಸರು ಹಾಕಲಿಲ್ಲ, ನಾನೇನು ಅಷ್ಟು ಕೆಟ್ಟವಳಲ್ಲ. ‘ಗೃಹದ ಹಿರಿಯ ಸದಸ್ಯೆಯೇ ಈ ವ್ಯವಸ್ಥೆಯ ಅತ್ಯಂತ ದುರ್ಬಲ ಕೊಂಡಿ’ ಎಂದಷ್ಟೇ ಬರೆದೆ. ಅತ್ತೆ ಅದನ್ನೆಲ್ಲ ಎಲ್ಲಿ ಓದುತ್ತಾರೆ ಎಂಬ ಧೈರ್ಯ.

ಕೊನೆಗೆ ಉಳಿದದ್ದು ಮೌಖಿಕ ಪರೀಕ್ಷೆ. ಕಂಪ್ಯೂಟರಿನ ಮೂಲಕ, ಮನೆಯಿಂದಲೇ. ಆ ಕಡೆ ಇಬ್ಬರು. ಒಬ್ಬರು ನನ್ನ ಮಾರ್ಗದರ್ಶಕರು, ಪಾಪದ ಪ್ರಾಣಿ. ಇನ್ನೊಬ್ಬರು ಬೇರೆ ವಿಶ್ವವಿದ್ಯಾಲಯದ ಪರೀಕ್ಷಕಿ ಮೇಡಂ. ನಗುವುದಕ್ಕೂ ಮೇಲಿನಿಂದ ಅನುಮತಿ ಬರಬೇಕು ಎಂಬಂಥ ಮುಖ. "ವ್ಯವಸ್ಥೆ ಏಕಾಏಕಿ ಕುಸಿದುಬಿದ್ದರೆ ಏನು ಮಾಡ್ತೀರಿ?" ಎಂದು ಮೇಡಂ ಕೇಳಿದರು. ನಾನು ಗತ್ತಿನಿಂದ, "ನಾನು ರೂಪಿಸಿರೋ ವ್ಯವಸ್ಥೇಲಿ ಆ ಪ್ರಶ್ನೆಯೇ ಬರಲ್ಲ ಮೇಡಂ, ಯಾಕಂದ್ರೆ" ಎಂದೆ. ಮೇಡಂ ಬಾಯಿ ತೆರೆದದ್ದು ತೆರೆದಂತೆಯೇ ಕಲ್ಲಾದರು. ಇಂಟರ್‌ನೆಟ್ ಹೋಗಿತ್ತು.

"ಆ ಡಬ್ಬಿ ಹಾಡುಹಗಲಲ್ಲೇ ಪಿಳಿಪಿಳಿ ಅಂತಿತ್ತು, ಆರಿಸ್ದೆ," ಎಂದರು ಅತ್ತೆ.

ಕೈಕಾಲು ಹಿಡಿದು ಇನ್ನೊಂದು ದಿನ ಕೊಡಿಸಿಕೊಂಡೆ. ಇದೇ ಕೊನೆಯ ಅವಕಾಶ, ಇದೂ ತಪ್ಪಿದರೆ ಎರಡು ವರ್ಷದ ಓದು ನೀರಿನಲ್ಲಿ ಹೋಮ, ಮುಖ್ಯಸ್ಥೆಯ ಕುರ್ಚಿಯೂ ಇಲ್ಲ ಎಂದು ಮಾರ್ಗದರ್ಶಕರು ಸಣ್ಣ ದನಿಯಲ್ಲಿ ಹೇಳಿದರು. ಆ ರಾತ್ರಿ ನಾನು ಅತ್ತೆಯ ಮೇಲೆ ಕೂಗಾಡಲಿಲ್ಲ. ಅಳು ಬಂತು. ಅತ್ತುಬಿಟ್ಟೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು, ಹೋಗುವಾಗ ಅಭ್ಯಾಸಬಲದಿಂದ ದೀಪ ಆರಿಸಿಕೊಂಡು ಹೋದರು.

ಬೆಳಿಗ್ಗೆ ಏಳುವಷ್ಟರಲ್ಲಿ ತಲೆಯಲ್ಲಿ ಒಂದು ಬೆಳಕು ಹೊತ್ತಿತ್ತು (ಅದನ್ನು ಆರಿಸುವುದು ಅತ್ತೆಯ ಕೈಯಲ್ಲೂ ಆಗದು). ಓದಿದ ವಿದ್ಯೆ ಊರಿಗೆ ಮಾತ್ರ ಯಾಕೆ? ಈ ಮನೆಯೇ ನನ್ನ ಅತ್ಯಗತ್ಯ ಮೂಲಸೌಕರ್ಯ! ಇದನ್ನೇ ಭದ್ರಪಡಿಸುತ್ತೇನೆ!

ಕೆಲಸ ಶುರುವಾಯಿತು. ಎಲ್ಲ ಸ್ವಿಚ್ಚುಗಳಿಗೂ ಟೇಪು ಅಂಟಿಸಿದೆ. ಕರೆಗಂಟೆಯ ತಂತಿ ಕಿತ್ತೆ. ಇಂಟರ್‌ನೆಟ್ ಡಬ್ಬಿ ಕೈಕೊಟ್ಟರೆ ಇರಲಿ ಎಂದು ನನ್ನ ಫೋನನ್ನೇ ಕಂಪ್ಯೂಟರಿಗೆ ಜೋಡಿಸಿಡುವ ಏರ್ಪಾಡು ಮಾಡಿಕೊಂಡೆ. ಮುಂಬಾಗಿಲಿಗೆ ಹೊಸ ಬೀಗ ಬಂತು. ಎಳೆದುಕೊಂಡರೆ ಸಾಕು, ತಾನಾಗಿ ಬೀಳುವಂಥದ್ದು, ಯಾವ ಡ್ರಿಲ್ಲಿಗೂ ಜಗ್ಗದಂಥದ್ದು. ಯಜಮಾನರ ಕೀಲಿಯನ್ನು ‘ಆಂತರಿಕ ಅಪಾಯ’ ಎಂಬ ಕಾರಣ ಕೊಟ್ಟು ಕಿತ್ತುಕೊಂಡೆ. ವರ್ಷಗಳಿಂದ ಎದುರುಮನೆಯಾಕೆಯ ಹತ್ತಿರ ನಮ್ಮ ಇನ್ನೊಂದು ಕೀಲಿ ಇರುತ್ತಿತ್ತು. "ಹೊಸ ಬೀಗದ್ದೂ ಒಂದು ಕೊಟ್ಟಿರಿ," ಎಂದು ಆಕೆ ಕೈಚಾಚಿದಾಗ, "ಇಲ್ಲ, ಅದು ಅನಧಿಕೃತ ಪ್ರವೇಶ ಆಗುತ್ತೆ," ಎಂದೆ. ಆಕೆಯ ಮುಖ ಹುಳ್ಳಗಾಯಿತು. ಆ ಕೀಲಿಯನ್ನು ಯಾರ ಕೈಗೂ ಸಿಗದ ಅತ್ಯಂತ ಸುರಕ್ಷಿತ ಜಾಗದಲ್ಲಿ, ಅಂದರೆ ಮನೆಯೊಳಗಿನ ಬೀರುವಿನಲ್ಲಿ, ಇಟ್ಟೆ.

ಉಳಿದದ್ದು ದುರ್ಬಲ ಕೊಂಡಿ. ಅತ್ತೆಯನ್ನು ಕೂರಿಸಿಕೊಂಡು ಹೇಳಿದೆ: "ಅತ್ತೆ, ಇವತ್ತಿಂದ ನೀವು ದ್ವಾರ ರಕ್ಷಣಾಧಿಕಾರಿ. ಪರೀಕ್ಷೆ ದಿನ ಯಾರೇ ಬಂದು ಬಾಗಿಲು ತಟ್ಟಿದ್ರೂ ಗುಪ್ತಪದ ಕೇಳ್ಬೇಕು. ಹೇಳದಿದ್ರೆ ತೆಗೀಬಾರ್ದು."

"ಅಧಿಕಾರಿ" ಎಂಬ ಮಾತಿಗೆ ಅತ್ತೆ ನೆಟ್ಟಗೆ ಕೂತರು. "ಯಾರೇ ಬಂದ್ರೂನಾ?"

"ಯಾರೇ ಬಂದ್ರೂ."

ತಾಲೀಮು ಮಾಡಿಸಿದೆ. ನಾನು ಹೊರಗೆ ಹೋಗಿ ಬಾಗಿಲು ತಟ್ಟಿ, "ಅತ್ತೇ, ನಾನು," ಎಂದೆ. ತಕ್ಷಣ ತೆಗೆದರು. ಚೆನ್ನಾಗಿ ಬೈದೆ. "ನನ್ನ ದನೀಲೇ ಬಂದು ಯಾರಾದ್ರೂ ಮೋಸ ಮಾಡ್ಬಹುದು! ಈಗ ದನಿ ನಕಲು ಮಾಡೋ ಯಂತ್ರ ಬಂದಿದೆ ಗೊತ್ತಾ?" ಮತ್ತೆ ಹೊರಗೆ ಹೋಗಿ, "ಅಯ್ಯೋ ಕಾಲು ಉಳುಕಿತು ಅತ್ತೆ," ಎಂದು ನರಳಿದೆ. ಪಾಪ, ಓಡಿಬಂದು ತೆಗೆದರು. ಇನ್ನೂ ಬೈದೆ. "ಕರುಣೆ ತೋರಿಸಿದ್ರೋ, ಕೆಟ್ರಿ! ಅಳ್ತಾರೆ, ಬೇಡ್ಕೋತಾರೆ, ದೊಡ್ಡ ಕಚೇರಿಯವರು, ವಿಶ್ವವಿದ್ಯಾಲಯದವರು ಅಂತ ಹೇಳ್ಕೋತಾರೆ. ಯಾವುದಕ್ಕೂ ಜಗ್ಗಬಾರ್ದು. ಸುಳಿವೂ ಕೊಡಬಾರ್ದು."

ಮೂರನೇ ಸಲ ಬಾಗಿಲು ತೆರೆಯಲಿಲ್ಲ. ನಾನು ಗುಪ್ತಪದ ಹೇಳಿದ ಮೇಲೂ, "ಇನ್ನೊಂದ್ಸಲ ಹೇಳು," ಎಂದು ಕೇಳಿ ಆಮೇಲೆ ತೆಗೆದರು. ನನಗೆ ಹೆಮ್ಮೆಯಾಯಿತು. ಅವರ ಮುಖದಲ್ಲೂ ಏನೋ ಒಂದು ಸಂತೋಷ ಕಂಡೆ. ಅದು ಯಾವ ಬಗೆಯ ಸಂತೋಷ ಎಂದು ಆಗ ಹೊಳೆಯಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಮೊದಲ ಎಡವಟ್ಟು. ನಾನಿಟ್ಟಿದ್ದ ಗುಪ್ತಪದ ‘ಸ್ಥಿತಿಸ್ಥಾಪಕತ್ವ’. ಅತ್ತೆ ಅದನ್ನು ಬಾಯಿಪಾಠ ಮಾಡುತ್ತಾ ತಡವರಿಸುತ್ತಿದ್ದರು. ಮೇಷ್ಟ್ರಿಗೆ ತಪ್ಪು ಉಚ್ಚಾರಣೆ ಕೇಳಿ ಸುಮ್ಮನಿರಲಾಗುತ್ತದೆಯೇ? ಬಚ್ಚಲುಮನೆಯ ಒಳಗಿನಿಂದಲೇ, "ಅಮ್ಮಾ, ಸ್ಥಿ-ತಿ-ಸ್ಥಾ-ಪ-ಕ-ತ್ವ!" ಎಂದು ತರಗತಿಯ ದನಿಯಲ್ಲಿ ಕಿರುಚಿದರು. ಬಚ್ಚಲಿನ ಕಿಂಡಿ ಇರುವುದು ಇಡೀ ಕಟ್ಟಡದ ಮಧ್ಯಕ್ಕೆ. ಕೆಳಗಿನ ಯಾವುದೋ ಮನೆಯ ಮಗು ಅದನ್ನೇ ತಿರುಗಿ ಹೇಳಿದ್ದು ಕೇಳಿಸಿತು.

"ಹೋಯ್ತು! ಗುಪ್ತಪದ ಬಯಲಾಯ್ತು!" ಎಂದು ತಲೆ ಚಚ್ಚಿಕೊಂಡೆ. ಪರೀಕ್ಷೆಗೆ ಇನ್ನು ಸ್ವಲ್ಪವೇ ಹೊತ್ತು. ಅತ್ತೆ ತಿಂಡಿ ತಿನ್ನುತ್ತಾ ನನ್ನ ಕಡೆ ತಿರುಗಿ ಏನೋ ಹೇಳಿದರು. ಹೊಸ ಪದ ಯೋಚಿಸಲು ಪುರಸೊತ್ತು ಯಾರಿಗಿತ್ತು? "ಈಗ ನೀವೇನು ಹೇಳಿದ್ರೋ, ಅದೇ ಇವತ್ತಿನ ಗುಪ್ತಪದ! ನಿಮಗೂ ಮರೆಯಲ್ಲ," ಎಂದುಬಿಟ್ಟೆ.

ಅತ್ತೆ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. "ಅದೇನಾ? ಯೋಚನೆ ಮಾಡಿ ಹೇಳ್ತಿದ್ದೀಯಾ?"

"ಹೂಂ, ಅದೇ ಅದೇ," ಎಂದೆ.

ಯಜಮಾನರನ್ನು, "ಪರೀಕ್ಷೆ ಮುಗಿಯೋವರೆಗೂ ಈ ಮನೇಲಿ ನಿಮ್ಮ ನೆರಳೂ ಕಾಣಬಾರ್ದು," ಎಂದು ಹೊರಗೆ ಅಟ್ಟಿದೆ. ಫೋನು ಕಂಪ್ಯೂಟರಿಗೆ ಜೋಡಿಸಿದೆ. ನಡುಮನೆಯ ಮೇಜಿನ ಮುಂದೆ ನಾನು, ಮುಂಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ದ್ವಾರ ರಕ್ಷಣಾಧಿಕಾರಿ. ಪರದೆಯ ಮೇಲೆ ಮಾರ್ಗದರ್ಶಕರ ಅಂಜಿದ ಮುಖ, ಮೇಡಂ ಅವರ ಅಂಜಿಸುವ ಮುಖ.

ಶುರುವೇನೋ ಚೆನ್ನಾಗಿಯೇ ಆಯಿತು. ಮೊದಲ ಪ್ರಶ್ನೆಗೆ ಪಟಪಟನೆ ಉತ್ತರ ಕೊಟ್ಟೆ. ಎರಡನೆಯದು ಕೇಳುವಷ್ಟರಲ್ಲಿ ಮೇಲಿನ ಮನೆಯಿಂದ ಗರ್ರ್‌ರ್‌ರ್ ಎಂದು ಗೋಡೆ ಕೊರೆಯುವ ಡ್ರಿಲ್ಲಿನ ಸದ್ದು! ಮೇಡಂ ಕಿವಿ ಮುಚ್ಚಿಕೊಂಡರು. "ಒಂದೇ ನಿಮಿಷ ಮೇಡಂ," ಎಂದವಳೇ ರೋಷದಿಂದ ಎದ್ದು, ಬಾಗಿಲು ಧಡಾರನೆ ಎಳೆದುಕೊಂಡು, ಮೆಟ್ಟಿಲು ಹತ್ತಿ ಮೇಲಿನ ಮನೆಯ ಬಾಗಿಲು ಗುದ್ದಿದೆ.

ಬಾಗಿಲು ತೆರೆದವರು ನಮ್ಮ ಯಜಮಾನರು. ಕೈಯಲ್ಲಿ ಡ್ರಿಲ್ಲು, ತಲೆಯ ಮೇಲೆ ಗೋಡೆಯ ಪುಡಿ.

"ರೀ! ನೀವಾ!"

"ನೀನೇ ಹೇಳಿದ್ಯಲ್ಲ, ಮನೇಲಿರಬೇಡಿ ಅಂತ. ಇವರಿಗೊಂದು ಶೆಲ್ಫು ಹೊಡೆದು ಕೊಡೋಣ ಅಂತ ಬಂದೆ. ಪರೀಕ್ಷೆ ಮುಗೀತಾ? ಪಾಸಾ?"

ಆ ಮನುಷ್ಯನ ಜೊತೆ ನಾನು ಆಮೇಲೆ ಜಗಳವಾಡಿದ್ದು ಬೇರೆ. ಆಗ ಮಾತ್ರ ಒಂದೇ ಉಸಿರಿಗೆ ಕೆಳಗೆ ಓಡಿಬಂದೆ. ಬಾಗಿಲು ತಳ್ಳಿದೆ. ಹೊಸ ಬೀಗ ತನ್ನ ಕೆಲಸ ಮಾಡಿತ್ತು. ಕೀಲಿ ಒಳಗೆ. ಇನ್ನೊಂದು ಕೀಲಿಯೂ ಒಳಗೆ. ಫೋನೂ ಒಳಗೆ.

"ಅತ್ತೇ, ಬೇಗ ತೆಗೀರಿ, ನಾನು!"

ಒಳಗಿನಿಂದ ಗಂಭೀರವಾದ ದನಿ ಬಂತು. "ಗುಪ್ತಪದ?"

ಬೆಳಿಗ್ಗೆ ಅತ್ತೆ ಏನು ಹೇಳಿದ್ದರು? ಅವರು ಹೇಳಿದ್ದನ್ನು ನಾನು ಕೇಳಿಸಿಕೊಂಡು ಯಾವ ಕಾಲವಾಯಿತು! ಮದುವೆಯಾದಾಗಿನಿಂದ ಅವರ ಮಾತು ನನ್ನ ಒಂದು ಕಿವಿಗೂ ಹೋಗದೆ ಹಾಗೇ ಪಕ್ಕದಿಂದ ಹಾದುಹೋಗುತ್ತದೆ.

"ಅತ್ತೆ, ಮರೆತುಹೋಯ್ತು! ತಮಾಷೆ ಬೇಡ, ಪರೀಕ್ಷೆ ನಡೀತಿದೆ!"

"ಹಾಗೇ ಹೇಳ್ತಾರೆ ಅಂತ ನನ್ನ ಸೊಸೆ ಹೇಳಿದ್ದಾಳೆ."

"ನಾನೇ ನಿಮ್ಮ ಸೊಸೆ!"

"ದನಿ ಅವಳದ್ದೇ. ಏನ್ ಚೆನ್ನಾಗಿ ನಕಲು ಮಾಡ್ತಾರಪ್ಪ!"

ಅಷ್ಟರಲ್ಲಿ ಯಜಮಾನರು ಡ್ರಿಲ್ಲು ಹಿಡಿದುಕೊಂಡೇ ಇಳಿದು ಬಂದರು. "ಅಮ್ಮಾ, ನಾನು, ತೆಗಿ," ಎಂದರು.

"ಈಗ ಇಬ್ಬರಾದ್ರು," ಎಂದು ಅತ್ತೆ ಒಳಗೆ ಯಾರಿಗೋ ವರದಿ ಒಪ್ಪಿಸಿದರು. "ಎರಡನೆಯವನು ನನ್ನ ಮಗನ ದನೀಲಿ ಮಾತಾಡ್ತಿದ್ದಾನೆ."

ಯಾರಿಗೆ ಹೇಳುತ್ತಿದ್ದಾರೆ? ಕಂಪ್ಯೂಟರು ಹಾಗೇ ಇತ್ತು! ಬಾಗಿಲಿಗೆ ಕಿವಿ ಆನಿಸಿದೆ. ಮೇಡಂ ಅವರ ದನಿ ಸ್ಪಷ್ಟವಾಗಿ ಕೇಳಿಸಿತು. "ಅಮ್ಮಾ, ಅವರು ನಿಮ್ಮ ಸೊಸೇನೇ. ತೆಗೀರಿ ಪರವಾಗಿಲ್ಲ. ನಾವು ವಿಶ್ವವಿದ್ಯಾಲಯದವರು."

"ವಿಶ್ವವಿದ್ಯಾಲಯದವರು ಅಂತಾನೂ ಹೇಳ್ಕೊಂಡು ಬರ್ತಾರಂತೆ. ನಿಮ್ಗೆ ಗೊತ್ತಿದ್ರೆ ನೀವೇ ಗುಪ್ತಪದ ಹೇಳಿ."

ಆಮೇಲೆ ಮೇಡಂ ಕುರ್ಚಿ ಹತ್ತಿರ ಎಳೆದುಕೊಂಡ ಸದ್ದು. "ಸರಿ, ಅವರು ಅತ್ತುಬಿಟ್ರೆ?"

"ಅತ್ತರೂ ತೆಗಿಯಲ್ಲ. ಕರುಣೆ ತೋರಿಸಿದ್ರೆ ಕೆಟ್ಟೆ ಅಂತ ಹೇಳಿದ್ದಾಳೆ."

"ಮೇಲಧಿಕಾರಿಗಳು ಫೋನ್ ಮಾಡಿ ತೆಗಿ ಅಂದ್ರೆ?"

"ಈ ಮನೇಲಿ ನನಗಿಂತ ಮೇಲಿನವರು ಯಾರಿದ್ದಾರೆ?"

"ಬೆಂಕಿ ಬಿದ್ರೆ?"

"ಆಗ ನಾನು ಆಚೆ ಹೋಗ್ಬೇಕಲ್ಲ, ತೆಗೀತೀನಿ. ಅದು ನನಗೋಸ್ಕರ ತೆಗೆಯೋದು, ಅವಳಿಗೋಸ್ಕರ ಅಲ್ಲ."

ನನ್ನ ಮೌಖಿಕ ಪರೀಕ್ಷೆ ನಡೆಯುತ್ತಿದೆ. ಕೊಡುತ್ತಿರುವವರು ನನ್ನ ಅತ್ತೆ! ಅದೂ ಒಂದೂ ತಪ್ಪಿಲ್ಲದೆ!

"ಅಮ್ಮ ದಿನಾ ಏನೇನು ಹೇಳ್ತಾಳೋ ಎಲ್ಲಾ ಹೇಳ್ತಾ ಹೋಗು," ಎಂದರು ಯಜಮಾನರು. ಬೇರೆ ದಾರಿ ಇರಲಿಲ್ಲ. "ಫ್ಯಾನು ಆರ್ಸು!" ಎಂದು ಕೂಗಿದೆ. "ಅಲ್ಲ," ಎಂದಿತು ಬಾಗಿಲು. "ನಮ್ಮ ಕಾಲದಲ್ಲಿ ಹೀಗಿರಲಿಲ್ಲ!" "ಅಲ್ಲ." "ನನ್ನ ಮಗ ಸೊರಗಿಹೋಗಿದ್ದಾನೆ!" "ಅದು ನಿಜ, ಆದ್ರೆ ಅದಲ್ಲ." ನನ್ನ ಗಂಟಲಿಗೆ ಒಂದೊಂದೇ ಮನೆಯ ಬಾಗಿಲು ತೆರೆಯಿತು. ಮೇಲಿನ ಮನೆಯವರು ಶೆಲ್ಫಿನ ಹಲಗೆ ಹಿಡಿದು ಮೆಟ್ಟಿಲ ಮೇಲೆ ಕೂತರು. ಎದುರುಮನೆಯಾಕೆ ಕೈಕಟ್ಟಿ ಚೌಕಟ್ಟಿಗೆ ಒರಗಿದರು.

"ಕೀಲಿ ನನ್ನ ಹತ್ರ ಇದ್ದಿದ್ರೆ ಕೊಡ್ತಿದ್ದೆ," ಎಂದರು ಆಕೆ ಮೆಲ್ಲಗೆ. "ಅದ್ಯಾವುದೋ ಪ್ರವೇಶ ಆಗುತ್ತಲ್ಲ, ಅದಕ್ಕೇ..."

"ಆಂಟೀ, ನಿಮ್ಮ ದಮ್ಮಯ್ಯ, ಅತ್ತೆ ಬೆಳಿಗ್ಗೆ ತಿಂಡಿ ತಿನ್ನುವಾಗ ಏನು ಹೇಳಿದ್ರು, ನಿಮಗೇನಾದ್ರೂ ಕೇಳಿಸ್ತಾ?"

"ಅಯ್ಯೋ, ಬೆಳಿಗ್ಗೆ ಮಾತ್ರ ಯಾಕೆ, ಮೂರು ಹೊತ್ತೂ ಕೇಳ್ಸುತ್ತೆ. ಇಡೀ ಮಹಡಿಗೇ ಗೊತ್ತು. ನಿಮ್ಗೊಬ್ರಿಗೇ ಗೊತ್ತಿಲ್ಲ ಅಷ್ಟೆ." ಆಕೆ ಸುತ್ತ ನೋಡಿ ಹೇಳಿಯೇಬಿಟ್ಟರು. "ಅಡುಗೆಗೆ ಉಪ್ಪು ಜಾಸ್ತಿ ಅಂತ."

ಮೆಟ್ಟಿಲ ಮೇಲಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ಯಜಮಾನರೂ ಆಡಿಸಿದರು, ನಾನು ನೋಡಿದ ತಕ್ಷಣ ನಿಲ್ಲಿಸಿದರು.

ಇಷ್ಟು ವರ್ಷ ನಾನು ಯಾವ ಮಾತಿಗೆ ಸೊಪ್ಪು ಹಾಕಿರಲಿಲ್ಲವೋ ಅದೇ ಮಾತನ್ನು ಈಗ ಇಡೀ ಕಟ್ಟಡದ ಮುಂದೆ, ಪರೀಕ್ಷಕರ ಕಿವಿಗೆ ಬೀಳುವಂತೆ, ನನ್ನ ಬಾಯಿಂದಲೇ ಹೇಳಬೇಕು. ಮುಖ್ಯಸ್ಥೆಯ ಕುರ್ಚಿ ಕಣ್ಣ ಮುಂದೆ ಬಂತು. ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಹೇಳಿದೆ. "ಅಡುಗೆಗೆ ಉಪ್ಪು ಜಾಸ್ತಿ."

ಬೀಗ ಟಕ್ಕೆಂದಿತು. ಬಾಗಿಲು ತೆರೆಯಿತು. "ಒಪ್ಕೊಳ್ಳೋಕೆ ಇಷ್ಟು ವರ್ಷ ಬೇಕಾಯ್ತಾ?" ಎಂದರು ಅತ್ತೆ. ಅವರ ಮುಖದಲ್ಲಿ ಇದ್ದದ್ದು ತಾಲೀಮಿನ ದಿನ ಕಂಡ ಅದೇ ಸಂತೋಷ. ಈಗ ಅದರ ಬಗೆ ಚೆನ್ನಾಗಿ ಅರ್ಥವಾಯಿತು.

ಓಡಿಹೋಗಿ ಮೇಜಿನ ಮುಂದೆ ಕೂತೆ. ಬೆವರು ಸುರಿಯುತ್ತಿತ್ತು. ಮಾರ್ಗದರ್ಶಕರು ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದರು. ಮೇಡಂ ನನ್ನ ಪ್ರಬಂಧದ ಹಾಳೆ ತಿರುವುತ್ತಿದ್ದರು.

"ಎರಡನೇ ಅಧ್ಯಾಯದಲ್ಲಿ ಒಂದು ವಾಕ್ಯ ಇದೆ," ಎಂದರು ಮೇಡಂ. ನನಗೆ ನೆನಪಾಯಿತು. "ಬೇಡ ಮೇಡಂ, ಅದನ್ನ ಓದ್ಬೇಡಿ," ಎಂದೆ. ಅವರು ಓದಿಯೇಬಿಟ್ಟರು, ಅಕ್ಷರ ಅಕ್ಷರ ಬಿಡಿಸಿ. "‘ಗೃಹದ ಹಿರಿಯ ಸದಸ್ಯೆಯೇ ಈ ವ್ಯವಸ್ಥೆಯ ಅತ್ಯಂತ ದುರ್ಬಲ ಕೊಂಡಿ.’"

ನನ್ನ ಬೆನ್ನ ಹಿಂದೆ ಕುರ್ಚಿಯೊಂದು ಕಿರ್ರೆಂದಿತು. ನಾನು ತಿರುಗಿ ನೋಡಲಿಲ್ಲ.

"ಇದು ತಪ್ಪು," ಎಂದರು ಮೇಡಂ. "ನಾನು ನೋಡಿದ ಹಾಗೆ ಈ ವ್ಯವಸ್ಥೇಲಿ ಗಟ್ಟಿಯಾಗಿರೋ ಕೊಂಡಿ ಅವರೊಬ್ಬರೇ. ಕೀಲಿ ಒಳಗಿಟ್ಟವರು ನೀವು, ಫೋನ್ ಒಳಗಿಟ್ಟವರು ನೀವು, ಗುಪ್ತಪದ ಕೇಳಿಸಿಕೊಳ್ಳದೇ ಇಟ್ಟವರೂ ನೀವು. ಆದ್ರೂ ತರಬೇತಿ ಚೆನ್ನಾಗಿ ಕೊಟ್ಟಿದ್ದೀರಿ, ಅದಕ್ಕೇ ಪಾಸು ಮಾಡ್ತಿದ್ದೀನಿ. ಒಂದೇ ಷರತ್ತು. ಎರಡನೇ ಅಧ್ಯಾಯ ತಿದ್ದಿ ಬರೀಬೇಕು. ಬರೆದು ಅಮ್ಮನವರಿಗೆ ಓದಿ ಹೇಳ್ಬೇಕು. ಅವರು ಸರಿ ಅಂದ್ಮೇಲೇ ಪದವಿ." ಇಷ್ಟು ಹೇಳಿ ಮೇಡಂ ನಕ್ಕರು. ಮೇಲಿನಿಂದ ಅನುಮತಿ ಬಂದಿರಬೇಕು.

ಪರದೆ ಆರಿತು. (ಈ ಸಲ ತಾನಾಗಿಯೇ.)

ಅಧ್ಯಾಯವನ್ನು ತಿದ್ದುತ್ತಲೇ ಇದ್ದೇನೆ. ದಿನಾ ರಾತ್ರಿ ಊಟವಾದ ಮೇಲೆ ಅತ್ತೆ ಕಾಲು ಚಾಚಿ ಕೂತು, "ಹೂಂ, ಓದು," ಎನ್ನುತ್ತಾರೆ. ‘ದಕ್ಷ’ ಎಂದು ಬರೆದರೆ ‘ಅತಿ ದಕ್ಷ’ ಬೇಕಂತೆ. ‘ಸೊಸೆ’ ಎಂಬ ಕಡೆಯೆಲ್ಲ ‘ಏನೂ ತಿಳಿಯದ ಸೊಸೆ’ ಇರಬೇಕಂತೆ. ಕಚೇರಿಯಲ್ಲಿ ಆ ಕುರ್ಚಿಯನ್ನು ನನಗಾಗಿ ಖಾಲಿ ಇಟ್ಟಿದ್ದಾರೆ. ಎಷ್ಟು ದಿನ ಇಡುತ್ತಾರೋ ಗೊತ್ತಿಲ್ಲ. "ಇನ್ನೂ ಸರಿ ಬಂದಿಲ್ಲ, ನಾಳೆ ನೋಡೋಣ," ಎಂದು ಅತ್ತೆ ಏಳುತ್ತಾರೆ, ಹೋಗುವಾಗ ದೀಪ ಆರಿಸುತ್ತಾರೆ.

ದ್ವಾರ ರಕ್ಷಣಾಧಿಕಾರಿಯ ಹುದ್ದೆಗೂ ಅವರು ರಾಜೀನಾಮೆ ಕೊಟ್ಟಿಲ್ಲ. ಎಲ್ಲ ಕೀಲಿಗಳೂ ಈಗ ಅವರ ಸೊಂಟದಲ್ಲಿವೆ, ಒಂದನ್ನು ಮಾತ್ರ ಎದುರುಮನೆಯಾಕೆಗೆ ಕೊಟ್ಟಿದ್ದಾರೆ. ಗುಪ್ತಪದ ಇಡುವವರೂ ಅವರೇ. ನಿನ್ನೆ ಸಂಜೆ ಅರ್ಧ ಊರಿಗೆ ನೀರು ಬಿಟ್ಟು, ದಣಿದು ಮನೆಗೆ ಬಂದು ಬಾಗಿಲು ತಟ್ಟಿದೆ.

"ಗುಪ್ತಪದ?"

ಸುತ್ತ ನೋಡಿದೆ. ಎದುರುಮನೆಯ ಬಾಗಿಲು ಆಗಲೇ ಒಂದಿಷ್ಟು ತೆರೆದಿತ್ತು. ದನಿ ತಗ್ಗಿಸಿ ಹೇಳಿದೆ. "ಅತ್ತೆ ಹೇಳಿದ್ದೇ ಸರಿ."

ಪಕ್ಕದ ಕೋಣೆಯಲ್ಲಿ ಫ್ಯಾನು ತಿರುಗಿದರೂ ಕೇಳಿಸಿಕೊಳ್ಳುವ ಆ ಕಿವಿಯ ಒಡತಿ ಒಳಗಿನಿಂದ ಕೂಗಿದರು:

"ಕೇಳಿಸ್ಲಿಲ್ಲ ಕಣಮ್ಮ, ಇನ್ನೊಂದ್ಸಲ ಜೋರಾಗಿ ಹೇಳು."